ದೀಪವಿಲ್ಲದ ಊರು



ನಮ್ಮ ಕಡೆಯ ಹಳೆಯ ಕಂದಾಯ ಕಾಗದಗಳಲ್ಲಿ ಕೆಲವು ಊರುಗಳನ್ನು ‘ಬೇಚಿರಾಗ್’ ಎಂದು ಕರೆದಿರುತ್ತಾರೆ. ಪಾರ್ಸಿ ಮಾತು, ದೀಪವಿಲ್ಲದ್ದು ಎಂದರ್ಥ. ಊರಿಗೆ ಹೆಸರಿದೆ, ಹೊಲಕ್ಕೆ ನಂಬರಿದೆ, ಸಂಜೆ ದೀಪ ಹಚ್ಚುವವರಿಲ್ಲ. ಇಂಥ ಊರನ್ನು ಹುಡುಕುವುದು ಹೇಗೆ ಎಂದು ಓದುತ್ತ ಹೋದಾಗ ನಮಗೆ ಸಿಕ್ಕಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನ ವಾರಂ ಪರ್ಸಿ.

ಮೊದಲ ಸುಳಿವು ಹೆಸರಿನಲ್ಲೇ ಇದೆ. ಪಕ್ಕದಲ್ಲಿ ವಾರಂ-ಲೆ-ಸ್ಟ್ರೀಟ್ ಎಂಬ ಊರಿದೆ, ಅಲ್ಲಿ ಈಗಲೂ ಜನರಿದ್ದಾರೆ. ಇದಕ್ಕೆ ಒಡೆಯರಾಗಿದ್ದ ಪರ್ಸಿ ಮನೆತನದ ಹೆಸರು ಅಂಟಿಕೊಂಡಿತು. ನಮ್ಮಲ್ಲಿ ಬುದ್ರುಕ, ಖುರ್ದ್ ಅನ್ನುವುದಿಲ್ಲವೇ, ಹಾಗೆ. ಎರಡನೆಯ ಸುಳಿವು ನಕ್ಷೆ. 19ನೇ ಶತಮಾನದ ಮಧ್ಯದಲ್ಲಿ ಸರ್ಕಾರಿ ಸರ್ವೆಯವರು ಮೈಲಿಗೆ 6 ಇಂಚಿನ ನಕ್ಷೆ ಮಾಡುವಾಗ ಹುಲ್ಲಿನ ಕೆಳಗಿನ ದಿಬ್ಬ, ತಗ್ಗುಗಳನ್ನೂ ಗುರುತಿಸಿದ್ದರು. 1948ರಲ್ಲಿ ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್ ಅಲ್ಲಿಗೆ ಹೋದರು. ದಿಬ್ಬಗಳು ಮನೆಗಳ ಅಡಿಪಾಯ, ತಗ್ಗುಗಳು ಓಣಿ! ಮುಂದೆ ಜಾನ್ ಹರ್ಸ್ಟ್ ಜೊತೆಗೂಡಿದರು. 1990ರವರೆಗೆ ಬೇಸಿಗೆ ಬೇಸಿಗೆಗೆ ಉತ್ಖನನ ನಡೆಯಿತು.

ಊರು ಹಾಳಾದದ್ದು ಪ್ಲೇಗಿನಿಂದ ಎಂದೇ ನಾವೂ ಅಂದುಕೊಂಡಿದ್ದೆವು. ಅಲ್ಲ. 1349ರ ಪ್ಲೇಗಿನ ನಂತರವೂ ಅಲ್ಲಿ ಜನ ಉತ್ತು ಬಿತ್ತು ಬದುಕಿದ್ದರು. ಆದರೆ ಬೆಳೆಗಿಂತ ಉಣ್ಣೆಯಲ್ಲಿ ಲಾಭ ಹೆಚ್ಚೆಂದು ಕಂಡಾಗ, 1500ರ ಆಸುಪಾಸಿನಲ್ಲಿ ಒಡೆಯರು ಕೊನೆಯ ಕುಟುಂಬಗಳನ್ನೂ ಎಬ್ಬಿಸಿ ಹೊಲಕ್ಕೆ ಕುರಿ ಬಿಟ್ಟರು. ರೋಗಕ್ಕಾದರೆ ಯಾರನ್ನೂ ದೂರುವಂತಿಲ್ಲ, ಇದಕ್ಕೆ ಹಾಗಲ್ಲ.

ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಅಲ್ಲಿನ ಸಂತ ಮಾರ್ಟಿನರ ಚರ್ಚ್. ಜನ ಹೆಚ್ಚಾದಾಗ ಅದರ ಎರಡೂ ಬದಿಗೆ ಪಡಸಾಲೆ ಕಟ್ಟಿ ದೊಡ್ಡದು ಮಾಡಿದರು. ಜನ ಕಡಿಮೆಯಾದಾಗ ಅವನ್ನು ಕೆಡವಿ, ಕಮಾನುಗಳಿಗೆ ಕಲ್ಲು ತುಂಬಿ ಗೋಡೆ ಮಾಡಿದರು. ಆ ಮುಚ್ಚಿದ ಕಮಾನುಗಳು ಈಗಲೂ ಕಾಣುತ್ತವೆ, ಊರಿನ ಜನಗಣತಿಯನ್ನೇ ಗೋಡೆಯಲ್ಲಿ ಬರೆದಿಟ್ಟಂತೆ. ಮನೆಗಳು ಹೋದ ಮೇಲೂ ಚರ್ಚ್ ಮುಚ್ಚಲಿಲ್ಲ. ಅದೇ ಧರ್ಮಕೇಂದ್ರಕ್ಕೆ ಸೇರಿದ ಥಿಕ್ಸೆಂಡೇಲ್‌ನವರು ಗುಡ್ಡದ ದಾರಿಯಲ್ಲಿ ನಡೆದು ಆರಾಧನೆಗೆ ಬರುತ್ತಿದ್ದರು, ತಮ್ಮವರನ್ನು ಅಲ್ಲೇ ಮಣ್ಣು ಮಾಡುತ್ತಿದ್ದರು. 20ನೇ ಶತಮಾನದಲ್ಲಿ ಅದೂ ನಿಂತಿತು. ಈಗ ಚರ್ಚಿಗೆ ಮಾಡಿಲ್ಲ.

ಈ ವಾರ ಮನೆಯಲ್ಲಿ ಅಜ್ಜ-ಅಜ್ಜಿಯರನ್ನು ಕೇಳಿ: ‘ಹಾಳೂರು’, ‘ಹಳೇ ಊರು’ ಎಂದು ಕರೆಯುವ ಹೊಲ ಎಲ್ಲಿದೆ? ಮನೆಗಳಿಲ್ಲದ ಕಡೆ ಒಂಟಿ ಬಾವಿ ಇದೆಯೇ? ಹೊಲದ ಉತಾರದಲ್ಲಿ ಯಾವ ಊರಿನ ಹೆಸರಿದೆ ಎಂಬುದನ್ನೂ ನೋಡಿ, ಬರೆದುಕೊಂಡು ಭಾನುವಾರ ತನ್ನಿ. ಹೇಳಬಲ್ಲ ಹಿರಿಯರು ನಮ್ಮಲ್ಲಿ ಹೆಚ್ಚು ಜನ ಉಳಿದಿಲ್ಲ.