ಬೀಡಿ ಕಟ್ಟುವ ಜಗಲಿಯೂ ಒಂದು ಲೈಸೆನ್ಸಿನ ಕಥೆಯೂ

ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೂ ಲೈಸೆನ್ಸ್ ಬೇಕಾ? ಅಮೆರಿಕದಲ್ಲಿರುವ ಗೆಳೆಯನೊಬ್ಬ ಮೊನ್ನೆ ಫೋನಿನಲ್ಲಿ ಹೇಳುತ್ತಿದ್ದ. ಅಲ್ಲಿ ಡೇ ಕೇರ್ ನಡೆಸಲು ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನಂತೆ, ಒಬ್ಬ ಆಯಾಗೆ ಎಷ್ಟು ಮಕ್ಕಳು ಅನ್ನುವುದಕ್ಕೂ ಲೆಕ್ಕವಂತೆ. ನಮ್ಮಲ್ಲಿ ಇಂಥದ್ದೇನಾದರೂ ಇತ್ತೇ ಅಂತ ಹಳೆಯ ಕಾಯ್ದೆಗಳನ್ನು ಹುಡುಕುತ್ತಾ ಹೋದೆ. ಹೋದವನು ಕೊನೆಗೆ ಬಂದು ನಿಂತದ್ದು ನಮ್ಮ ಶಿರ್ತಾಡಿಯ ಬೀಡಿ ಕಟ್ಟುವ ಜಗಲಿಗೆ!

ಶಿರ್ತಾಡಿ ಅಂದರೆ ಮೂಡುಬಿದಿರೆಯಿಂದ ನಾರಾವಿ ಕಡೆ ಹೋಗುವಾಗ ಸಿಗುವ ಸಣ್ಣ ಪೇಟೆ. ಈ ಕಡೆಯ ಊರುಗಳಲ್ಲಿ, ಬೆಳ್ತಂಗಡಿ, ಬಂಟ್ವಾಳದ ತನಕವೂ, ಮನೆ ನಡೆದದ್ದು ಬಹಳ ಮಟ್ಟಿಗೆ ಹೆಂಗಸರು ಕಟ್ಟಿದ ಬೀಡಿಯಿಂದ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕಟ್ಟುವುದು, ಮತ್ತೆ ಬ್ರಾಂಚಿಗೆ ಕೊಟ್ಟು ಪುಸ್ತಕದಲ್ಲಿ ಬರೆಸಿಕೊಳ್ಳುವುದು. ಪಕ್ಕದಲ್ಲೇ ಸೀರೆಯ ತೊಟ್ಟಿಲು. ಅಂಬೆಗಾಲಿಡುವ ಮಗು ಹೊಗೆಸೊಪ್ಪಿಗೆ ಕೈ ಹಾಕದಂತೆ ನೋಡಲು ಒಬ್ಬಳು ಅಕ್ಕನೋ ಅಜ್ಜಿಯೋ ಬೇಕು. ಅಕ್ಕನಿಗೆ ಶಾಲೆ ಇದ್ದರೆ? ಎಷ್ಟೋ ಸಲ ಶಾಲೆಗೇ ರಜೆ.

ಕಾನೂನು ಏನು ಹೇಳುತ್ತಿತ್ತು ನೋಡಿ. ಕೂಲಿ ಹೆಂಗಸರ ಮಕ್ಕಳಿಗೆ ಶಿಶುಪಾಲನಾ ಕೋಣೆ ಬೇಕು ಅಂತ 1931ರಲ್ಲೇ ರಾಯಲ್ ಕಮಿಷನ್ ಆನ್ ಲೇಬರ್ ಹೇಳಿತ್ತು. 1948ರ ಕಾರ್ಖಾನೆ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ, ಬೆಳಕು ಇರುವ ಕೋಣೆ, ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸು. 1976ರಲ್ಲಿ ಆ 50ನ್ನು 30ಕ್ಕೆ ಇಳಿಸಿದರು. ಘಟ್ಟದ ಮೇಲಿನ ಕಾಫಿ ತೋಟಗಳಿಗೆ 1951ರ ಪ್ಲಾಂಟೇಶನ್ ಕಾಯ್ದೆ ಇತ್ತು. ಅಂದರೆ ಮಂಗಳೂರಿನ ಗೋಡಂಬಿ ಕಾರ್ಖಾನೆಯ ಹೆಂಗಸಿಗೂ ಚಿಕ್ಕಮಗಳೂರಿನ ತೋಟದ ಹೆಂಗಸಿಗೂ ಕಾಗದದ ಮೇಲಾದರೂ ಒಂದು ಹಕ್ಕು ಇತ್ತು.

ಬೀಡಿಗೆ ಬೇರೆಯೇ ಕಾಯ್ದೆ ಬಂದದ್ದು 1966ರಲ್ಲಿ - ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಅದರ ಪ್ರಕಾರ ಬೀಡಿ ಕಟ್ಟಿಸುವ ಕಟ್ಟಡಕ್ಕೆ ಲೈಸೆನ್ಸ್ ಬೇಕು. ಅಲ್ಲಿ 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳ ಕೋಣೆಯೂ ಬೇಕು. ಓದುವಾಗ ಖುಷಿಯಾಯಿತು. ಆಮೇಲೆ "ಕೈಗಾರಿಕಾ ಆವರಣ" ಅಂದರೆ ಏನು ಅಂತ ವ್ಯಾಖ್ಯೆ ನೋಡಿದೆ. ವಾಸದ ಖಾಸಗಿ ಮನೆಯನ್ನು ಅದರಿಂದ ಹೊರಗಿಟ್ಟಿದ್ದಾರೆ..... ಮುಗಿಯಿತಲ್ಲ! ನಮ್ಮೂರಿನ ಬೀಡಿ ಕಟ್ಟಿದ್ದೇ ಮನೆಗಳಲ್ಲಿ. ಲೈಸೆನ್ಸ್ ಇಲ್ಲದ ಕಡೆ ಮಕ್ಕಳ ಕೋಣೆ ಎಲ್ಲಿಂದ ಬರಬೇಕು? ನೂರು ಹೆಂಗಸರನ್ನು ಒಂದು ಸೂರಿನಡಿ ಕೂರಿಸಿದರೆ ಕೋಣೆ, ನೀರು, ಕಕ್ಕಸು, ಆಯಾ ಎಲ್ಲದರ ಖರ್ಚು ಧಣಿಯದ್ದು. ಅದೇ ನೂರು ಮಂದಿ ಅವರವರ ಜಗಲಿಯಲ್ಲಿ ಕೂತರೆ ಸೂರೂ ಅವರದ್ದೇ, ಮಗುವಿನ ಚಿಂತೆಯೂ ಅವರದ್ದೇ.

ಹಾಗಂತ ಕಾನೂನಿಗೆ ಮನೆಯಲ್ಲಿ ದುಡಿಯುವವಳು ಕಾಣಲೇ ಇಲ್ಲ ಅನ್ನುವ ಹಾಗಿಲ್ಲ. ಧಣಿಯಿಂದಲೋ ಕಂತ್ರಾಟುದಾರನಿಂದಲೋ ಎಲೆ, ಸೊಪ್ಪು ಪಡೆದು ಮನೆಯಲ್ಲಿ ಕಟ್ಟುವವಳೂ ನೌಕರಳೇ ಅಂತ ಅದೇ ಕಾಯ್ದೆ ಹೇಳಿತ್ತು. ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ತನಕ ಹೋದ ಪ್ರಸಿದ್ಧ ಮೊಕದ್ದಮೆ ನಮ್ಮ ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನದ್ದೇ. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಮನೆಯಲ್ಲಿ ಕಟ್ಟುವವರಿಗೂ ಪ್ರಾವಿಡೆಂಟ್ ಫಂಡ್ ಇದೆ ಅಂತ ತೀರ್ಪಾಯಿತು. 1976ರ ಕಲ್ಯಾಣ ನಿಧಿಯಿಂದ ಆಸ್ಪತ್ರೆ ಬಂತು, ಶಾಲಾ ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ಅದರ ಉಪಕಾರ ಸಣ್ಣದಲ್ಲ. ಆದರೆ ಗಮನಿಸಿ, ಶಾಲೆಗೆ ಹೋಗುವ ಮಗು ಸರ್ಕಾರಕ್ಕೆ ಕಂಡಿತು. ತಡ್ಪೆಯ ಪಕ್ಕದಲ್ಲಿ ಕೆಮ್ಮುತ್ತಾ ಕೂತ ಎರಡು ವರ್ಷದ ಮಗು ಕಾಣಲಿಲ್ಲ.

ಊರಿನ ಮನೆಗಳ ಹತ್ತಿರಕ್ಕೆ ಬಂದದ್ದು ಅಂಗನವಾಡಿ ಮಾತ್ರ. ನಮ್ಮ ಕಡೆ ಈಗಲೂ ಅದನ್ನು ಬಾಲವಾಡಿ ಅಂತಲೇ ಕರೆಯುವವರಿದ್ದಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆ ಅದು. ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ನಲವತ್ತು ಚಿಕ್ಕ ಮಕ್ಕಳಿರುವ ಯಾವ ಜನವಸತಿಯಾದರೂ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಅಂತ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಮಾಷೆ ನೋಡಿ, ಅದೇ ತಿಂಗಳು ಕರ್ನಾಟಕದ್ದೇ ಇನ್ನೊಂದು ಮೊಕದ್ದಮೆಯಲ್ಲಿ, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆ ಅಲ್ಲ ಅಂತಲೂ ಹೇಳಿತು! ಅವರಿಗೆ ಗ್ರಾಚ್ಯುಟಿ ಸಿಗಬೇಕು ಅನ್ನುವ ತೀರ್ಪು ಬರಲು 2022 ಆಗಬೇಕಾಯಿತು.

ಆದರೆ ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ದಾಟಿದವರನ್ನು. ಅದಕ್ಕಿಂತ ಸಣ್ಣವರಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಮಗು ಮಾತ್ರ ಮನೆಯಲ್ಲೇ. ತಾಯಿಗೆ ಕೈ ಬಿಡುವಿಲ್ಲದ ವಯಸ್ಸು ಅದೇ ಅಲ್ಲವೇ?

2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಇಡಬೇಕು ಅಂದಿತು. ಬೆಂಗಳೂರಿನ ಆಫೀಸುಗಳಲ್ಲಿ ಅದರ ಮಾತು ಬಹಳ ನಡೆಯಿತು. 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ತೆರೆಯಲು ಹೊರಟಿತು, ಮುಖ್ಯವಾಗಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಒಳ್ಳೆಯ ಹೆಸರು, ಒಳ್ಳೆಯ ಕೆಲಸ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ 1966ರ ಬೀಡಿ ಕಾಯ್ದೆ ಹೋಯಿತು. ಬೀಡಿಯ ಲೈಸೆನ್ಸಿನ ಮಾತು ಹೊಸದರಲ್ಲೂ ಇದೆ, ವಾಸದ ಮನೆ ಅದರಲ್ಲೂ ಹೊರಗೇ ಇದೆ.

ಈಗ ನಮ್ಮ ಕಡೆ ಕಿರಿಯರು ಅಷ್ಟಾಗಿ ಬೀಡಿ ಕಟ್ಟುವುದಿಲ್ಲ. ಹಾಗಾಗಿ ಇದೆಲ್ಲ ಹಳೇ ಕಥೆ ಅನ್ನಬಹುದು. ಆದರೆ ಮನೆಯಲ್ಲೇ ಬಟ್ಟೆ ಹೊಲಿಯುವವರು, ಹಪ್ಪಳ ಲಟ್ಟಿಸುವವರು, ಲ್ಯಾಪ್‌ಟಾಪ್ ಹಿಡಿದು ಕೂತವರು ಹೆಚ್ಚಿದ್ದಾರೆ. ಕಟ್ಟಡವನ್ನೂ ತಲೆಗಳನ್ನೂ ಎಣಿಸುವ ಕಾನೂನು ಇವರ ಮಕ್ಕಳನ್ನೂ ಎಣಿಸುವುದಿಲ್ಲ. ನನ್ನ ಮಟ್ಟಿಗೆ ಪರಿಹಾರ ಸರಳ: ತಾಯಿ ಎಲ್ಲಿ ದುಡಿಯುತ್ತಾಳೆ ಅಂತ ಕೇಳುವುದು ಬಿಟ್ಟು ಊರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳೆಷ್ಟು ಅಂತ ಕೇಳಿ, ಇರುವ ಅಂಗನವಾಡಿಗೇ ಇನ್ನೊಂದು ಕೋಣೆ, ಇನ್ನೊಬ್ಬ ಆಯಾ, ಸರಿಯಾದ ಸಂಬಳ ಕೊಡುವುದು.

ಕಾಸರಗೋಡು, ಪುತ್ತೂರು, ಕುಂದಾಪುರದ ಕಡೆಯವರೇ, ನಿಮ್ಮಲ್ಲಿ ಅಮ್ಮ ಬೀಡಿ ಕಟ್ಟುವಾಗ ಸಣ್ಣವರನ್ನು ಯಾರು ನೋಡಿಕೊಳ್ಳುತ್ತಿದ್ದರು? ನೆನಪಿದ್ದರೆ ನೀವೂ ಬರೆಯಿರಿ.