ನೋಯದ ಮಚ್ಚೆ

ನೋವಿದ್ದರೆ ಮನುಷ್ಯ ಹೇಗಾದರೂ ಆಸ್ಪತ್ರೆ ಮುಟ್ಟುತ್ತಾನೆ. ನೋಯದ, ತುರಿಸದ ಒಂದು ಮಸುಕು ಮಚ್ಚೆಗಾಗಿ ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳು ದಿನದ ಕೂಲಿ ಬಿಟ್ಟು, 50 ಕಿಲೋಮೀಟರಿಗೂ ಹೆಚ್ಚು ದೂರದ ಬಳ್ಳಾರಿಗೆ ಬಸ್ಸು ಹತ್ತಿ ಬರುತ್ತಾಳೆಯೇ? ನಮ್ಮ ಕಡೆಯ ಕುಷ್ಠರೋಗದ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು.

ಈ ರೋಗದ ಚರ್ಮದಲ್ಲಿ ಸ್ಪರ್ಶ ತಿಳಿಯುವುದಿಲ್ಲವೆಂಬುದನ್ನು ಸುಶ್ರುತ ಸಂಹಿತೆಯೇ ಗುರುತಿಸಿತ್ತು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಇದಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದ. ಅದು ಶಾಪವಲ್ಲ, ಪೂರ್ವಜನ್ಮದ ಪಾಪವಲ್ಲ, ವಂಶದ ಕಳಂಕವೂ ಅಲ್ಲ ಎಂಬುದು ಅಲ್ಲಿಗೇ ಸ್ಪಷ್ಟವಾಗಬೇಕಿತ್ತು. ಆದರೆ ವಿಜ್ಞಾನಕ್ಕಿಂತ ಮೊದಲು ಊರಿಗೆ ಬಂದದ್ದು ಕಾನೂನು.

1898ರ ಕುಷ್ಠರೋಗಿಗಳ ಕಾಯ್ದೆ ರೋಗಿಯೆಂದು ಕರೆದದ್ದು ಹುಣ್ಣಾಗಲು ಶುರುವಾದವರನ್ನು ಮಾತ್ರ. ಭಿಕ್ಷೆ ಬೇಡುವ ರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ರೋಗಿಗಳು ಸಾರ್ವಜನಿಕ ಬಾವಿಯ ನೀರು ಸೇದದಂತೆ, ಮಾರಾಟಕ್ಕೆ ಅಡುಗೆ ಮಾಡದಂತೆ ಸರ್ಕಾರ ತಡೆಯಬಹುದಿತ್ತು. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಕಡೆ ಕೈಚಾಚಿ ಕೂತವನು ಈ ಕಾನೂನಿನ ಕಣ್ಣಿಗೆ ಬೀಳಬಹುದಾದ ಮನುಷ್ಯ. ಬೆನ್ನ ಮೇಲೆ ಒಂದೇ ಒಂದು ಮಚ್ಚೆ ಇದ್ದವನು ಅದರ ಲೆಕ್ಕಕ್ಕೇ ಇರಲಿಲ್ಲ. ಗುಣಪಡಿಸಬೇಕಾದ ಹಂತ ಕಾನೂನಿಗೆ ಕಾಣಲಿಲ್ಲ. ಕಂಡದ್ದು ಕೈಮೀರಿದ ಹಂತ. ಜನರಿಗೂ ಅದೇ ಅಭ್ಯಾಸವಾಯಿತು. ಮಚ್ಚೆ ಕಂಡರೆ ತೋಳು ಇಳಿಬಿಟ್ಟು ಮುಚ್ಚಿಕೊಳ್ಳುವುದು ಲೇಸೆನಿಸಿತು.

ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅದೇ ಪ್ರಾಂತ್ಯದ ಚೆಂಗಲ್ಪಟ್ಟುವಿನಲ್ಲಿ 1940ರ ದಶಕದಲ್ಲಿ ರಾಬರ್ಟ್ ಕೊಕ್ರೇನ್ ಎಂಬ ವೈದ್ಯರು ಡ್ಯಾಪ್ಸೋನ್ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಮದ್ದು ಸಿಕ್ಕ ಮೇಲೆ ರೋಗಿಯನ್ನು ಅಟ್ಟುವ ಬದಲು ಹುಡುಕುವುದು ಮುಖ್ಯವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು. 1955ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1961ರಲ್ಲಿ ಬಳ್ಳಾರಿಗೆ ವೈದ್ಯಕೀಯ ಕಾಲೇಜು ಬಂತು. ಮುಂದೆ ವಿಮ್ಸ್ ಎಂದು ಹೆಸರಾದದ್ದು ಅದೇ. ಆದರೂ ಊರೂರಿಗೆ ಚರ್ಮವೈದ್ಯರನ್ನು ಕೊಡಲು ಸಾಧ್ಯವಿರಲಿಲ್ಲ. ಆದ್ದರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಮೈ ನೋಡುವ ಪದ್ಧತಿ ಬೆಳೆಯಿತು.

ಅವರ ಕೈಯಲ್ಲಿದ್ದ ಪರೀಕ್ಷೆ ತೀರ ಸರಳ. ಹತ್ತಿಯ ಒಂದು ಎಳೆಯಿಂದ ಮೊದಲು ಚೆನ್ನಾಗಿರುವ ಚರ್ಮವನ್ನು ಮುಟ್ಟಿ ತೋರಿಸುವುದು. ಆಮೇಲೆ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಮುಟ್ಟಿ, ಎಲ್ಲಿ ಮುಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಹೇಳುವುದು. ತೋರಿಸಲಾಗದಿದ್ದರೆ ಅನುಮಾನಕ್ಕೆ ಕಾರಣವಿದೆ. ಸಾಮಾನ್ಯವಾಗಿ ಗಜಕರ್ಣ ತುರಿಸುತ್ತದೆ. ತೊನ್ನು ಬೆಳ್ಳಗಾದರೂ ಸ್ಪರ್ಶ ತಿಳಿಯುತ್ತದೆ. ಹತ್ತಿ ಬೆಳೆಯುವ ಸೀಮೆಯಲ್ಲಿ ಒಂದು ಎಳೆ ಹತ್ತಿಯೇ ರೋಗ ಹಿಡಿಯುವ ಸಾಧನವಾದದ್ದು ನನಗೆ ಯಾವ ದೊಡ್ಡ ಯಂತ್ರಕ್ಕಿಂತಲೂ ಕಡಿಮೆಯೆನಿಸುವುದಿಲ್ಲ. ಈಗ ಮೊಬೈಲಿನಲ್ಲಿ ಮಚ್ಚೆಯ ಫೋಟೋ ತೆಗೆದು ದೂರದ ವೈದ್ಯರಿಗೆ ಕಳಿಸಬಹುದು. ಆದರೆ ಫೋಟೋದಲ್ಲಿ ಬಣ್ಣ ಬರುತ್ತದೆ, ಜೋಮು ಬರುವುದಿಲ್ಲ. ಯಾರಾದರೂ ಮುಟ್ಟಲೇಬೇಕು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಐದರವರೆಗೆ ಮಚ್ಚೆಗಳಿದ್ದರೆ ಸಾಮಾನ್ಯವಾಗಿ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ತಡವಾದರೆ ರೋಗಾಣು ಸತ್ತರೂ ಕೆಟ್ಟ ನರ ಮರಳದಿರಬಹುದು. ಬಿಸಿ ಪಾತ್ರೆ, ಮುಳ್ಳು, ಕುಡುಗೋಲು ಯಾವುದೂ ತಿಳಿಯದ ಕೈ ಬರಬರುತ್ತಾ ವಿಕಾರವಾಗುತ್ತದೆ.

2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ 10,000ಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಇದನ್ನು ನಿರ್ಮೂಲನೆ ಎಂದು ಕರೆದರೂ ರೋಗ ಪೂರ್ತಿ ಹೋಗಿಲ್ಲ. 1898ರ ಕಾಯ್ದೆ ರದ್ದಾದದ್ದು 2016ರಲ್ಲಿ. ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕುಷ್ಠವನ್ನು ತೆಗೆದದ್ದು 2019ರಲ್ಲಿ. ಮದ್ದು ಬಂದು ದಶಕಗಳಾದರೂ ಮಚ್ಚೆ ತೋರಿಸಿದ ಹೆಂಗಸು ಸಂಸಾರ ಕಳೆದುಕೊಳ್ಳಲು ಕಾನೂನಿನಲ್ಲೇ ದಾರಿಯಿತ್ತು. ಹಾಗಿದ್ದಾಗ ಅವಳು ಮುಚ್ಚಿಟ್ಟದ್ದನ್ನು ಬರೀ ಅಜ್ಞಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಂದು ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಆ ಹಳೆಯ ಭಯದ ಎದುರೇ ನಿಂತು, “ಎಲ್ಲಾದರೂ ಮಚ್ಚೆ ಐತೇನಕ್ಕಾ?” ಎಂದು ಕೇಳಬೇಕು. ಬಳ್ಳಾರಿಯ ದೂರವನ್ನು ಬಸ್ಸು ಕಡಿಮೆ ಮಾಡಬಲ್ಲದು. ಆ ಪ್ರಶ್ನೆಗೆ ಹೌದೆನ್ನುವ ಧೈರ್ಯ ಬರುವುದು ಮಾತ್ರ ಪಕ್ಕದ ಮನೆಯವರು ನಾಳೆಯೂ ಎಂದಿನಂತೆ ಒಳಗೆ ಕರೆದು ಚಹಾ ಕೊಡುತ್ತಾರೆಂಬ ನಂಬಿಕೆಯಿಂದ.