ನಡುವೆ ಎಂಬತ್ತು ಕಿಲೋಮೀಟರ್ ಸಮುದ್ರ

ಎರಡು ದೇಶಗಳಲ್ಲಿ ಎಲ್ಲಿ ಬದುಕು ಚೆನ್ನಾಗಿದೆ ಅಂತ ಕೇಳಿದರೆ ನಾವು ಮೊದಲು ನೋಡೋದು ಸಂಬಳ. ಆಮೇಲೆ ರಸ್ತೆ, ಆಸ್ಪತ್ರೆ, ಶಾಲೆ. ಆದರೆ ಭಾರತವನ್ನೂ ಅಮೆರಿಕಾವನ್ನೂ ಪಕ್ಕಪಕ್ಕ ಇಟ್ಟರೆ ತಿಳಿಯೋದು ಕಡಿಮೆ, ಎರಡೂ ಹೊರಟ ಜಾಗವೇ ಬೇರೆ. ಹೋಲಿಕೆಯಿಂದ ಏನಾದರೂ ಕಲಿಯಬೇಕು ಅಂದರೆ ಹೆಚ್ಚುಕಮ್ಮಿ ಒಂದೇ ಕಡೆಯಿಂದ ಹೊರಟ ಇಬ್ಬರು ಬೇಕು. ಅಂಥದ್ದೊಂದು ಜೋಡಿ ಫಿನ್ಲೆಂಡ್ ಮತ್ತು ಎಸ್ಟೋನಿಯಾ.

ಹೆಲ್ಸಿಂಕಿಗೂ ತಾಲಿನ್ನಿಗೂ ನಡುವೆ ಇರೋದು ಸುಮಾರು 80 ಕಿಲೋಮೀಟರ್ ಸಮುದ್ರ. ಎರಡೂ ಕಡೆಯ ಭಾಷೆಗಳು ದಾಯಾದಿಗಳು. ಎರಡೂ ದೇಶ ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದು, ಒಂದು 1917ರಲ್ಲಿ, ಇನ್ನೊಂದು 1918ರಲ್ಲಿ ಸ್ವತಂತ್ರವಾದವು. 1930ರ ದಶಕದಲ್ಲಿ ಇಬ್ಬರೂ ಹೊಲ, ಹಸು, ಬೆಣ್ಣೆ ನಂಬಿಕೊಂಡಿದ್ದ ರೈತರೇ. ಜೀವನಮಟ್ಟದಲ್ಲಿ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ.

1939ರಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಸರಕಾರಗಳು ಮಾಡಿಕೊಂಡ ಗುಟ್ಟಿನ ಒಪ್ಪಂದ ಇಬ್ಬರನ್ನೂ ಸೋವಿಯತ್ ಪಾಲಿಗೆ ಬರೆದಿತ್ತು. ಫಿನ್ಲೆಂಡ್ ಕಾದಾಡಿ ಉಳಿದುಕೊಂಡಿತು. ಪುಕ್ಕಟೆಗೇನೂ ಅಲ್ಲ ನೋಡಿ: ಕರೇಲಿಯಾ ಪ್ರದೇಶ ಹೋಯಿತು, ನಾಲ್ಕು ಲಕ್ಷದಷ್ಟು ನಿರಾಶ್ರಿತರಿಗೆ ನೆಲೆ ಕೊಡಬೇಕಾಯಿತು, 1952ರವರೆಗೂ ಮಾಸ್ಕೋಗೆ ಯುದ್ಧದಂಡ ಕಟ್ಟಬೇಕಾಯಿತು. ಎಸ್ಟೋನಿಯಾ 1940ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಸೇರಿಹೋಯಿತು. 1949ರ ಮಾರ್ಚ್ ತಿಂಗಳ ಕೆಲವೇ ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಅವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು.

ಇಲ್ಲಿಂದ ಮುಂದೆ ಕತೆ ಸ್ವಲ್ಪ ವಿಚಿತ್ರ. ಸೋವಿಯತ್ ಒಕ್ಕೂಟದ ಒಳಗೆ ಎಸ್ಟೋನಿಯಾ ಅನುಕೂಲಸ್ಥ ಗಣರಾಜ್ಯ. ಬೇರೆ ಕಡೆಯಿಂದ ಬಂದವರಿಗೆ ತಾಲಿನ್ನಿನ ಕಾಫಿ ಅಂಗಡಿ, ಒಳ್ಳೇ ಉಡುಪು ನೋಡಿದರೆ ಪಶ್ಚಿಮ ಯೂರೋಪಿಗೇ ಬಂದಂತೆ ಅನ್ನಿಸ್ತಿತ್ತು. ಆದರೆ ತಾಲಿನ್ನಿನವರು ಹೋಲಿಸಿಕೊಳ್ತಿದ್ದದ್ದು ಮಾಸ್ಕೋ ಜೊತೆ ಅಲ್ಲ. ಸಮುದ್ರದಾಚೆಯಿಂದ ಫಿನ್ಲೆಂಡಿನ ಟಿವಿ ಅವರ ಮನೆಗೇ ಬರ್ತಿತ್ತು. ಟಿವಿಯೊಳಗೆ ಒಂದು ಚಿಕ್ಕ ಸಾಧನ ಕೂರಿಸಿ ಅದರ ದನಿಯನ್ನೂ ಹಿಡೀತಿದ್ದರು. 'ಡಲ್ಲಾಸ್' ಧಾರಾವಾಹಿಯ ಶ್ರೀಮಂತಿಕೆಯಷ್ಟೇ ಗಮನದಿಂದ ಜಾಹೀರಾತುಗಳನ್ನೂ ನೋಡ್ತಿದ್ದರು. ದಾಯಾದಿ ಮನೆಯ ಅಡುಗೆ ಏನಂತ ದಿನಾ ಕಾಣಿಸ್ತಿದ್ದರೆ, ನಮ್ಮದೇ ಒಳ್ಳೇದು ಅಂತ ಸರಕಾರ ಎಷ್ಟು ಹೇಳಿದರೆ ಏನು?

ಆದರೆ ಅಂಗಡಿಯ ಸಾಮಾನಿಗಿಂತ ದೊಡ್ಡ ಲೆಕ್ಕ ಇನ್ನೊಂದಿದೆ: ಆಯಸ್ಸು. 1960ರ ಹೊತ್ತಿಗೆ ಎರಡೂ ದೇಶಗಳ ಸರಾಸರಿ ಆಯಸ್ಸು ಹೆಚ್ಚುಕಮ್ಮಿ ಒಂದೇ ಇತ್ತು. ಮುಂದಿನ ಮೂವತ್ತು ವರ್ಷ ಫಿನ್ಲೆಂಡಿನದು ಏರುತ್ತಾ ಹೋಯಿತು, ಎಸ್ಟೋನಿಯಾದ್ದು ನಿಂತಲ್ಲೇ ನಿಂತಿತು. ಕೆಲಸ ಇತ್ತು, ಬಾಡಿಗೆ ಅಗ್ಗ, ಶಾಲೆ-ಆಸ್ಪತ್ರೆಗೆ ದುಡ್ಡಿಲ್ಲ. ಆದರೂ ಹೃದ್ರೋಗ, ಕುಡಿತ ಗಂಡಸರನ್ನು ನಡುವಯಸ್ಸಿನಲ್ಲೇ ಎತ್ತಿಕೊಂಡು ಹೋಗ್ತಿದ್ದವು. 1991ರಲ್ಲಿ ಸ್ವಾತಂತ್ರ್ಯ ಮರಳಿ ಬಂದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಕಾರ್ಖಾನೆಗಳು ಮುಚ್ಚಿದವು, ಉಳಿತಾಯ ಕರಗಿತು. 1994ರಲ್ಲಿ ಎಸ್ಟೋನಿಯಾದ ಗಂಡಸರ ಸರಾಸರಿ ಆಯಸ್ಸು 61ರ ಆಸುಪಾಸಿಗೆ ಇಳಿಯಿತು. ಆಗ ಫಿನ್ಲೆಂಡಿನಲ್ಲಿ ಅದು ಸುಮಾರು 73. ಎರಡು ಗಂಟೆಯ ಹಡಗು ಪ್ರಯಾಣಕ್ಕೆ ಹನ್ನೆರಡು ವರ್ಷದ ಬದುಕಿನ ವ್ಯತ್ಯಾಸ!

2004ರಲ್ಲಿ ಎಸ್ಟೋನಿಯಾ ಐರೋಪ್ಯ ಒಕ್ಕೂಟ ಸೇರಿತು, 2011ರಲ್ಲಿ ಯೂರೋ ಬಂತು. ಈಗ ಒಟ್ಟು ಜನರ ಸರಾಸರಿ ಆಯಸ್ಸಿನಲ್ಲಿ ಎರಡೂ ದೇಶಗಳ ಅಂತರ ಮೂರು ವರ್ಷದ ಆಸುಪಾಸು. ಸಂಬಳದ ಅಂತರ ಇನ್ನೂ ಇದೆ, ಅದಕ್ಕೇ ಎಸ್ಟೋನಿಯಾದ ಕಟ್ಟಡ ಕೆಲಸಗಾರರು ಹೆಲ್ಸಿಂಕಿಯ ಹಡಗು ಹತ್ತುತ್ತಾರೆ.

ದೇಶ ದೇಶಗಳ ಬದುಕು ಹೋಲಿಸುವಾಗ ನಾವು ಕೇಳಬೇಕಾದ ಪ್ರಶ್ನೆ ಎರಡು: ಯಾರ ಜೊತೆ ಹೋಲಿಸ್ತಿದ್ದೀವಿ, ಯಾವುದನ್ನ ಅಳೀತಿದ್ದೀವಿ? ತಾಲಿನ್ನಿನವರು ಮಾಸ್ಕೋ ಕಡೆ ನೋಡಿದರೆ ಸಿರಿವಂತರು, ಹೆಲ್ಸಿಂಕಿ ಕಡೆ ನೋಡಿದರೆ ಬಡವರು. ಯಾವ ಕಡೆ ನೋಡಿದರೂ ಕಳೆದುಹೋದ ಆ ವರ್ಷಗಳು ಮಾತ್ರ ಕಳೆದುಹೋದವೇ.